ಅವರು ಕೇಳಿದ್ದೆಂತ?

ಹನ್ನೊಂದನೇ ಇಂಟರ್‌ವ್ಯೂ ಮುಗಿಸಿ ಬಂದ ಸಂಜೆ ಮಾವ ನಮ್ಮ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಅಮ್ಮ ಮುಖ ನೋಡಿದಳು. ಏನೂ ಕೇಳಲಿಲ್ಲ. ಮೊದಲ ನಾಲ್ಕೈದು ಸಲ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟು ಸೀದಾ ಚಹಾ ತಂದುಕೊಡಲು ಶುರು ಮಾಡಿದ್ದಳು. ಆ ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿಯೇ ಇರುತ್ತಿತ್ತು.

ಮಾವನಿಗೆ ಆ ನಾಜೂಕೆಲ್ಲ ಇಲ್ಲ. "ಎಂತ ಆಯ್ತು?" ಅಂದರು.

"ತಿಳಿಸ್ತೇವೆ ಅಂದ್ರು."

"ಅವರು ಎಂತ ಕೇಳಿದರು?"

ನಾನು ಶುರು ಮಾಡಿದೆ. ನನ್ನ ಪರಿಚಯ ಹೀಗೆ ಹೇಳಿದೆ, ಬಿ.ಕಾಂ. ಬಗ್ಗೆ ಹೀಗೆ ಹೇಳಿದೆ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಬರುತ್ತದೆ ಅಂದೆ, ಕಷ್ಟಪಟ್ಟು ಕೆಲಸ ಮಾಡುತ್ತೇನೆ ಅಂದೆ. ಮಾವ ಕೈ ಎತ್ತಿ ತಡೆದರು.

"ನೀನು ಹೇಳಿದ್ದು ಬೇಡ ಮಾರಾಯ್ತಿ. ಅವರು ಕೇಳಿದ್ದು ಹೇಳು."

ನನಗೆ ನೆನಪಾಗಲಿಲ್ಲ. ನಿಜವಾಗಿಯೂ ಆಗಲಿಲ್ಲ. ಅರ್ಧ ಗಂಟೆ ಆ ಕೋಣೆಯಲ್ಲಿ ಕೂತಿದ್ದೆ. ಎದುರಿಗೆ ಮೂರು ಜನ ಇದ್ದರು. ನಾನು ಆಡಿದ ಒಂದೊಂದು ಮಾತೂ ನೆನಪಿತ್ತು. ಎಲ್ಲಿ ತಡವರಿಸಿದೆ, ಯಾವ ಇಂಗ್ಲಿಷ್ ಶಬ್ದ ಬಾಯಿಗೆ ಬರಲಿಲ್ಲ, ಎಲ್ಲ ನೆನಪಿತ್ತು. ಅವರ ಪ್ರಶ್ನೆ ಮಾತ್ರ ಎರಡು ಸಿಕ್ಕಿತು, ಮೂರನೆಯದು ಅರ್ಧ.

"ಹಾಗಾದ್ರೆ ನೀನು ಮಂಗಳೂರಿಗೆ ಹೋಗಿ ಒಬ್ಬಳೇ ಮಾತಾಡಿ ಬಂದದ್ದಾ?" ಅಂದರು ಮಾವ. ಮತ್ತೆ ಅಡಿಕೆ ಸುಲಿಯತೊಡಗಿದರು.

ಆ ರಾತ್ರಿ ಸಿಟ್ಟು ಬಂದಿತ್ತು. ಎರಡು ವರ್ಷದಲ್ಲಿ ಅರವತ್ತಕ್ಕಿಂತ ಹೆಚ್ಚು ಕಡೆ ಅರ್ಜಿ ಹಾಕಿದ್ದೆ. ಹನ್ನೊಂದು ಕಡೆಯಿಂದ ಕರೆ ಬಂದಿತ್ತು. ಏಳು ಮಂಗಳೂರಿನಲ್ಲಿ, ಎರಡು ಕೊಚ್ಚಿಯವರ ಜೊತೆ ವಿಡಿಯೋದಲ್ಲಿ, ಒಂದು ಕಣ್ಣೂರು, ಒಂದು ಕಾಸರಗೋಡು ಪೇಟೆಯಲ್ಲೇ. ಮಾವನಿಗೆ ಇಂಟರ್‌ವ್ಯೂ ಅಂದರೆ ಎಂತ ಗೊತ್ತು, ಅವರು ಜೀವನದಲ್ಲಿ ಒಂದಕ್ಕೂ ಹೋದವರಲ್ಲ ಅಂತ ಅಮ್ಮನ ಹತ್ತಿರ ಹೇಳಿದೆ. ಅಮ್ಮ ಹೌದು ಅಂತಲೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲು ಹತ್ತಿರದ ಒಂದು ಮನೆ. ಮಂಗಳೂರಿಗೆ ಹೋಗಬೇಕಾದರೆ ಸೀತಾಂಗೋಳಿ ದಾರಿಯಾಗಿ ಬಸ್ಸಿನಲ್ಲಿ ಕುಂಬಳೆಗೆ ಇಳಿದು ಅಲ್ಲಿಂದ ರೈಲು. ಬರುವಾಗ ಉಳ್ಳಾಲ, ಮಂಜೇಶ್ವರ, ಉಪ್ಪಳ, ಆಮೇಲೆ ಶಿರಿಯ ಹೊಳೆ ದಾಟಿದರೆ ಕುಂಬಳೆ. ಈ ದಾರಿಯಲ್ಲಿ ಎಷ್ಟು ಸಲ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೇನೋ. ಸೋತ ದಿನ ನೇತ್ರಾವತಿ ಸೇತುವೆ ತುಂಬಾ ಉದ್ದ.

ಬೇಡ ಅನ್ನುವುದರಲ್ಲೂ ಬಗೆ ಉಂಟು. ಮೇಲ್ ಕಳಿಸುವವರು ಒಳ್ಳೆಯವರು. ವಾಕ್ಯ ಎಲ್ಲರಿಗೂ ಒಂದೇ ಆದರೂ ವಿಷಯ ಮುಗಿಯುತ್ತದೆ. ಸುಮ್ಮನಿರುವವರೇ ಕಷ್ಟ. ಫೋನ್ ಸದ್ದಾದಾಗಲೆಲ್ಲ ಹಾರಿ ನೋಡುವುದು, ಅದು ಗ್ಯಾಸ್ ಬುಕ್ಕಿಂಗ್ ಮೆಸೇಜು.

ನಾನು ತಯಾರಿ ಮಾಡುತ್ತಿರಲಿಲ್ಲ ಅಂತಲ್ಲ. ಜಾಸ್ತಿಯೇ ಮಾಡುತ್ತಿದ್ದೆ. ಯೂಟ್ಯೂಬ್ ನೋಡಿ ಮೂವತ್ತು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡಿದ್ದೆ. ಐದು ವರ್ಷದ ನಂತರ ಎಲ್ಲಿರುತ್ತೀರಿ, ನಿಮ್ಮ ದೌರ್ಬಲ್ಯ ಏನು, ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಇಂಗ್ಲಿಷ್ ತಪ್ಪಬಾರದು ಅಂತ ಉರು ಹೊಡೆಯುತ್ತಿದ್ದೆ. ರೈಲಿನಲ್ಲಿ ತುಟಿ ಅಲ್ಲಾಡಿಸುತ್ತ ಕೂತದ್ದು ನೋಡಿ ಒಬ್ಬರು ಅಜ್ಜಿ, ಯಾವ ಸ್ತೋತ್ರ ಮಗಳೇ ಅಂತ ಕೇಳಿದ್ದರು. ಆ ವಿಡಿಯೋಗಳಲ್ಲಿ ಎಲ್ಲರೂ ಹೇಳುವ ಒಂದು ಮಾತಿದೆ, ಕಾನ್ಫಿಡೆನ್ಸ್ ಇರಲಿ. ನನಗೆ ಇಷ್ಟು ಉಪಯೋಗವಿಲ್ಲದ ಸಲಹೆ ಇನ್ನೊಂದು ಸಿಕ್ಕಿಲ್ಲ. ಜ್ವರ ಬಂದವನಿಗೆ ಆರೋಗ್ಯವಾಗಿರು ಅಂದಹಾಗೆ ಅದು.

ಮಾವನ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ನಾಲ್ಕು ದಿನ ಬಿಟ್ಟು ಹಳೆಯ ಕ್ಯಾಶ್ ಬುಕ್ ಒಂದನ್ನು ತೆಗೆದು ಎಡಗಡೆ ಅವರು ಕೇಳಿದ್ದು, ಬಲಗಡೆ ನಾನು ಹೇಳಿದ್ದು ಅಂತ ಬರೆಯಲು ಕೂತೆ. ಹನ್ನೊಂದು ಇಂಟರ್‌ವ್ಯೂಗಳಲ್ಲಿ ನೆನಪಾದಷ್ಟು. ಎಡಗಡೆ ಕಡಿಮೆ ತುಂಬಿತು. ಆದರೆ ತುಂಬಿದ್ದನ್ನು ಬಲಗಡೆಗೆ ತಾಳೆ ನೋಡಿದರೆ ನಾಚಿಕೆಯಾಗುವ ಹಾಗಿತ್ತು. "ಈಗಿನ ಕೆಲಸದಲ್ಲಿ ಯಾವ ಯಾವ ಲೆಕ್ಕ ನೋಡ್ತೀರಿ?" ಅಂತ ಎಡಗಡೆ. "ನನಗೆ ಅಕೌಂಟ್ಸ್ ಅಂದರೆ ಚಿಕ್ಕಂದಿನಿಂದ ಆಸಕ್ತಿ" ಅಂತ ಬಲಗಡೆ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ತಪ್ಪಿದ್ದು ಊರಿನ ಪ್ರಶ್ನೆಯಲ್ಲಿ.

ನಮ್ಮ ಕಡೆಯವರಿಗೆ "ನಿಮ್ಮದು ಯಾವೂರು?" ಅನ್ನುವುದು ಸುಲಭದ ಪ್ರಶ್ನೆ ಅಲ್ಲ. ಮಂಗಳೂರಿನಲ್ಲಿ ಕಾಸರಗೋಡು ಅಂದರೆ "ಓ, ಮಲಯಾಳಿಯಾ?" ಅನ್ನುತ್ತಾರೆ. ಕೊಚ್ಚಿಯವರು ನನ್ನ ಮಲಯಾಳ ಎರಡು ವಾಕ್ಯ ಕೇಳಿ "ಕರ್ಣಾಟಕತ್ತಿಲ್ ನಿನ್ನಾಣೋ?", ಕರ್ನಾಟಕದವಳಾ ಅಂದಿದ್ದರು. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಊರಿನಲ್ಲಿ ಇದು ಯಾರಿಗೂ ವಿಚಿತ್ರ ಅಲ್ಲ. ಹೊರಗೆ ಹೋದ ಕೂಡಲೇ ಎರಡೂ ಕಡೆಯವರಿಗೆ ನಾವು ಆಚೆಯವರು.

ಮಂಗಳೂರಿನ ಒಂದು ಆಫೀಸಿನಲ್ಲಿ ಕೇಳಿದ್ದು ಈಗಲೂ ಸರಿಯಾಗಿ ನೆನಪಿದೆ. "ಬಾರ್ಡರ್ ಬಂದ್ ಆದ್ರೆ ಹೇಗೆ ಬರ್ತೀರಿ?" 2020ರ ಮಾರ್ಚ್‌ನಲ್ಲಿ ಕೊರೋನಾಕ್ಕೆ ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದದ್ದು ನಮಗೆ ಮರೆಯುವ ವಿಷಯ ಅಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಒದ್ದಾಡಿದವರು ನಮ್ಮ ಊರಿನವರು. ಆ ಪ್ರಶ್ನೆ ಕೇಳಿದ್ದೇ ನನಗೆ ಮೈಯೆಲ್ಲ ಉರಿಯಿತು. ನಾನು ಶುರು ಮಾಡಿದೆ. ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು ಸರ್, 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಯಿತು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಹೇಳಿತ್ತು, ಅದು ಜಾರಿಗೇ ಬರಲಿಲ್ಲ. ಮೂರು ನಿಮಿಷ ಆಗಿರಬೇಕು. ನಡುವೆ ಕೂತವರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು.

ಅವರು ಕೇಳಿದ್ದು ಬಸ್ಸಿನ ವಿಷಯ. ನಾನು ಮಹಾಜನ ವರದಿ ಒಪ್ಪಿಸಿ ಬಂದಿದ್ದೆ.

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಈಗಲೂ ಯಾರಾದರೂ ಬಿಡುವಾಗಿ ಕೂತು ಕೇಳಿದರೆ ಅಷ್ಟನ್ನೂ ಹೇಳುತ್ತೇನೆ, ಇನ್ನೂ ಜಾಸ್ತಿ ಹೇಳುತ್ತೇನೆ. ಆದರೆ ಆ ದಿನ ಬೇಕಾಗಿದ್ದು ಎರಡು ವಾಕ್ಯ. ಕುಂಬಳೆಯಿಂದ ರೈಲು ಉಂಟು, ಸೀಸನ್ ಟಿಕೆಟ್ ಮಾಡಿಸುತ್ತೇನೆ. ಹಾಗೇನಾದರೂ ಆದರೆ ಮಂಗಳೂರಿನ ಪಿಜಿಯಲ್ಲಿ ಉಳಿಯಲು ಮನೆಯಲ್ಲಿ ಒಪ್ಪಿಗೆ ಇದೆ.

ಈ ಪುಸ್ತಕ ಹಿಡಿದುಕೊಂಡು ಮಾವನ ಮನೆಗೆ ಹೋದೆ. ಎರಡು ತೋಟ ದಾಟಿದರೆ ಅವರ ಮನೆ.

ಮಾವನ ಬಗ್ಗೆ ಹೇಳಬೇಕು. ಹಗಲು ತೋಟ, ರಾತ್ರಿ ಕೂಟ ಅಂತ ಅತ್ತೆ ಹಂಗಿಸುವಷ್ಟು ತಾಳಮದ್ದಳೆಯ ಹುಚ್ಚು. ಈ ಕಡೆಯವರಲ್ಲದವರಿಗೆ ಸ್ವಲ್ಪ ವಿವರಿಸುತ್ತೇನೆ. ಯಕ್ಷಗಾನದ ವೇಷ, ಕುಣಿತ ಎರಡೂ ಇಲ್ಲದ ರೂಪ ಅದು. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ತುಳುನಾಡಿನ ಪತ್ತನಾಜೆ ದಿನ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ, ಮಳೆಗಾಲದಲ್ಲಿ ಇದರ ಗದ್ದಲ. ಪದ ಮೊದಲೇ ಇದ್ದದ್ದು. ಆದರೆ ಅದಕ್ಕೆ ಹೇಳುವ ಅರ್ಥ ಅಲ್ಲೇ ಹುಟ್ಟಬೇಕು. ಎದುರಿಗೆ ಕೂತವನು ಎಂತ ಕೇಳುತ್ತಾನೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಥೆಯಲ್ಲಿ ಗೆಲ್ಲುವವನು ರಾಮನೇ ಆದರೂ ಮಾತಿನಲ್ಲಿ ವಾಲಿ ಅವನನ್ನು ಬೆವರಿಳಿಸಬಹುದು.

ಮಾವ ಪುಸ್ತಕ ಪೂರ್ತಿ ಓದಿದರು. ಇಂಗ್ಲಿಷಿನ ಕಡೆ ಬೆರಳಿಟ್ಟು ಇದೆಂತ ಅಂತ ಕೇಳಿದರು. ಆಮೇಲೆ ಹೇಳಿದರು, "ವಾಲಿ ಕೇಳುವುದು, ಮರೆಯಲ್ಲಿ ನಿಂತು ಬಾಣ ಯಾಕೆ ಬಿಟ್ಟೆ ಅಂತ. ಅದಕ್ಕೆ ರಾಮ ಸೂರ್ಯವಂಶದ ಕಥೆ ಹೇಳ್ತಾ ಕೂತರೆ ಆಗ್ತದಾ? ಸಭೆಗೆ ಗೊತ್ತಾಗ್ತದೆ, ಇವನ ಹತ್ತಿರ ಉತ್ತರ ಇಲ್ಲ ಅಂತ."

"ಉತ್ತರ ಉಂಟು ಮಾವ."

"ಉಂಟು. ಆದ್ರೆ ನೀನು ಅದನ್ನು ಬಿಟ್ಟು ಬೇರೆ ಎಲ್ಲ ಹೇಳಿದ್ದೀ."

ಮರುದಿನದಿಂದ ಸಂಜೆ ಅವರ ಜಗಲಿಯಲ್ಲಿ ಪಾಠ. ಪಾಠ ಅಂದರೆ ದೊಡ್ಡ ಮಾತಾಯಿತು. ಅವರು ವೀಳ್ಯ ಹಾಕಿಕೊಂಡು ಆರಾಮಕುರ್ಚಿಯಲ್ಲಿ, ನಾನು ಎದುರು ಸ್ಟೂಲಿನಲ್ಲಿ. ಪ್ರಶ್ನೆ ಅವರದೇ. ಕೆಲವು ನನ್ನ ಪುಸ್ತಕದಿಂದ, ಕೆಲವು ಅವರಿಗೆ ತೋಚಿದ್ದು. "ಅಡಿಕೆ ಅಂಗಡಿ ಬಿಟ್ಟು ಇಲ್ಲಿಗೆ ಯಾಕೆ ಬಂದೆ? ಅಲ್ಲಿ ಓಡಿಸಿದ್ರಾ?" ಅಂತ ಕೇಳಿ ನಗದೆ ಕೂರುತ್ತಿದ್ದರು. ನಿಯಮ ಒಂದೇ. ಉತ್ತರ ಹೇಳುವ ಮೊದಲು ಪ್ರಶ್ನೆ ಎಂತ ಅಂತ ನಾನು ನನ್ನ ಮಾತಿನಲ್ಲಿ ಹೇಳಬೇಕು. ತಪ್ಪಿದರೆ ತಲೆಯಲ್ಲಾಡಿಸುತ್ತಿದ್ದರು. ಮೊದಲ ವಾರ ಎಷ್ಟು ತಪ್ಪಿದೆ ಅಂದರೆ, ಅತ್ತೆ ಒಳಗಿಂದ "ಪಾಪ, ಬಿಡಿ ಅವಳನ್ನು" ಅಂತ ಕೂಗಿದ್ದರು. ಪ್ರಶ್ನೆಯ ಮೊದಲ ಎರಡು ಶಬ್ದ ಕಿವಿಗೆ ಬಿದ್ದ ಕೂಡಲೇ ನನ್ನ ತಲೆ ಮೂವತ್ತು ಉತ್ತರಗಳಲ್ಲಿ ಹತ್ತಿರದ್ದನ್ನು ಹುಡುಕಲು ಓಡುತ್ತಿತ್ತು. ಪ್ರಶ್ನೆಯ ಬಾಲ ಕೇಳಿಸುತ್ತಲೇ ಇರಲಿಲ್ಲ. ಇಂಟರ್‌ವ್ಯೂನಲ್ಲಿ ನಿಜವಾದ ವಿಷಯ ಬಾಲದಲ್ಲೇ ಇರುತ್ತದೆ ಅಂತ ಆಗ ಗೊತ್ತಾಯಿತು.

ಆಮೇಲೆ ಪೀಠಿಕೆ. ಪಾತ್ರ ಮೊದಲು ಬಾಯಿ ತೆರೆದಾಗ ಹೇಳುವ ಮಾತಿಗೆ ಕೂಟದಲ್ಲಿ ಪೀಠಿಕೆ ಅನ್ನುತ್ತಾರೆ. ತಾನು ಯಾರು, ಎಲ್ಲಿದ್ದೇನೆ, ಈಗ ಯಾವ ಕೆಲಸಕ್ಕೆ ಬಂದಿದ್ದೇನೆ. "ನಿಮ್ಮ ಬಗ್ಗೆ ಹೇಳಿ" ಅನ್ನುವುದು ಅದೇ ಅಲ್ವಾ! ನನ್ನ ಪೀಠಿಕೆ ಅಪ್ಪನ ಹೆಸರಿನಿಂದ ಶುರುವಾಗಿ, ಶಾಲೆ, ಪರ್ಸೆಂಟೇಜು, ಹವ್ಯಾಸ ದಾಟಿ ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಮಾವ ನಡುವೆಯೇ ಎದ್ದು ಅಂಗಳಕ್ಕೆ ಹೋದರು. "ಎಲ್ಲಿಗೆ ಮಾವ?" ಅಂದರೆ, "ನಾನು ಸಭೆ. ಎದ್ದು ಹೋದೆ" ಅಂದರು.

ಕತ್ತರಿಸುತ್ತ ಕತ್ತರಿಸುತ್ತ ಅದು ಒಂದು ನಿಮಿಷದ ಒಳಗೆ ಬಂತು. ಅಪ್ಪ ಹೋದರು, ಹವ್ಯಾಸ ಹೋಯಿತು. ಉಳಿದದ್ದು ಬದಿಯಡ್ಕದ ಅಡಿಕೆ ಅಂಗಡಿ.

ಇದು ನಾನು ಅಷ್ಟು ದಿನ ಮುಚ್ಚಿಡುತ್ತಿದ್ದ ವಿಷಯ. ಡಿಗ್ರಿ ಮುಗಿಸಿದ ಮೇಲೆ ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಗೋಣಿ ಚೀಲಗಳ ನಡುವೆ ಒಂದು ಕಂಪ್ಯೂಟರು, ಒಂದು ಫ್ಯಾನು. ದೊಡ್ಡ ಆಫೀಸಿನವರ ಎದುರು ಇದನ್ನು ಹೇಳಲು ನಾಚಿಕೆ. ಹಾಗಾಗಿ "ಒಂದು ಟ್ರೇಡಿಂಗ್ ಸಂಸ್ಥೆಯಲ್ಲಿ ಅನುಭವ" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ.

ಅದೇ ಹೊತ್ತಿಗೆ ಇನ್ನೊಂದು ಆಯಿತು. ಹನ್ನೊಂದನೇ ಕಡೆಗೆ ಧೈರ್ಯ ಮಾಡಿ ಫೋನ್ ಮಾಡಿದೆ. ಕೆಲಸ ಕೊಡಿ ಅಂತಲ್ಲ, ಎಲ್ಲಿ ಕಡಿಮೆಯಾಯಿತು ಅಂತ ಕೇಳಲು. ಹೀಗೆ ಕೇಳಿದರೆ ಹೆಚ್ಚಿನವರು ಹೇಳುವುದಿಲ್ಲ. ಮೊದಲು ಇಬ್ಬರಿಗೆ ಮೇಲ್ ಮಾಡಿ ಸುಮ್ನೆ ಕಾದಿದ್ದೆ. ಆದರೆ ಇಲ್ಲಿಯ ಎಚ್‌ಆರ್ ಮೇಡಂ ಎರಡು ನಿಮಿಷ ಮಾತಾಡಿದರು. "ನೀವು ಚೆನ್ನಾಗಿ ಮಾತಾಡಿದ್ರಿ. ಆದ್ರೆ ನೀವು ದಿನಾ ಏನು ಕೆಲಸ ಮಾಡ್ತಿದ್ರಿ ಅಂತ ನಮಗೆ ಯಾರಿಗೂ ಗೊತ್ತಾಗಲಿಲ್ಲ" ಅಂದರು. ನಾನು ಥ್ಯಾಂಕ್ಸ್ ಹೇಳಿ ಫೋನಿಟ್ಟು, ಅದನ್ನೂ ಪುಸ್ತಕದ ಎಡಗಡೆ ಬರೆದೆ.

ಹಾಗಾದರೆ ದಿನಾ ಏನು ಮಾಡುತ್ತಿದ್ದೆ? ಮಾವನಿಗೆ ಹೇಳಲು ಹೊರಟಾಗ ಕಥೆಗಳು ಒಂದೊಂದಾಗಿ ಹೊರಬಂದವು. ಅದರಲ್ಲಿ ಒಂದು ಹೀಗೆ.

ನಮ್ಮ ಅಂಗಡಿಯಿಂದ ಮಂಗಳೂರಿಗೆ ಅಡಿಕೆ ಹೋಗುತ್ತದೆ. ಸುಮಾರು 50 ಕಿಲೋಮೀಟರ್ ದಾರಿ, ಆದರೆ ಜಿಎಸ್‌ಟಿ ಲೆಕ್ಕದಲ್ಲಿ ಅದು ಇನ್ನೊಂದು ರಾಜ್ಯ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ ಗುರುತು. ಕೇರಳಕ್ಕೆ 32, ಕರ್ನಾಟಕಕ್ಕೆ 29. ಕೇರಳದೊಳಗೆ ಮಾರಿದರೆ ಒಣ ಅಡಿಕೆಗೆ ಎರಡೂವರೆ ಪರ್ಸೆಂಟ್ ಕೇಂದ್ರದ್ದು, ಎರಡೂವರೆ ರಾಜ್ಯದ್ದು. ಮಂಗಳೂರಿಗೆ ಮಾರಿದರೆ ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಮಾರುವಾಗಿನ ತೆರಿಗೆ, ಒಟ್ಟಿಗೆ ಐದು. ಗ್ರಾಹಕ ಕೊಡುವ ಹಣ ಒಂದೇ. ಹಾಗಾಗಿ ಬಿಲ್ಲು ತಪ್ಪಾದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ತಿಂಗಳು ಮಂಗಳೂರಿನ ಹೊಸ ಪಾರ್ಟಿಯ ಲೆಡ್ಜರಿನಲ್ಲಿ ರಾಜ್ಯ ಕೇರಳ ಅಂತಲೇ ಉಳಿದುಬಿಟ್ಟಿತ್ತು. ಮೂರು ಬಿಲ್ಲು ಕೇರಳದ ಲೆಕ್ಕದಲ್ಲಿ ಹೋಗಿದ್ದವು. 11ನೇ ತಾರೀಕಿಗೆ ಮಾರಾಟದ ಲೆಕ್ಕ ಒಪ್ಪಿಸುವ ಜಿಎಸ್‌ಟಿಆರ್-1 ಹಾಕಬೇಕು. ಎರಡು ದಿನ ಮೊದಲು ನಂಬರುಗಳ ಮೇಲೆ ಕಣ್ಣಾಡಿಸುವಾಗ 29 ಅಂತ ಶುರುವಾಗುವ ಪಾರ್ಟಿಗೆ ಎರಡು ತೆರಿಗೆ ಹಾಕಿದ್ದು ಕಂಡಿತು. ಹಾಗೇ ಹೋಗಿದ್ದರೆ ಆ ಮಂಗಳೂರಿನವರಿಗೆ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುವ ಕ್ರೆಡಿಟ್ ಸಿಗುತ್ತಿರಲಿಲ್ಲ, ನಾವು ಐಜಿಎಸ್‌ಟಿ ಬೇರೆ ಕಟ್ಟಿ, ಮೊದಲು ಕಟ್ಟಿದ್ದನ್ನು ರಿಫಂಡ್ ಕೇಳಬೇಕಿತ್ತು. ಲೆಡ್ಜರ್ ಸರಿ ಮಾಡಿ, ಧಣಿಗೆ ತಿಳಿಸಿ, ಪಾರ್ಟಿಗೆ ಫೋನ್ ಮಾಡಿ ಬಿಲ್ಲು ಬದಲಾಯಿಸಿದೆ. ಆಮೇಲೆ ಹೊರರಾಜ್ಯದ ಬಿಲ್ಲುಗಳನ್ನು ಪ್ರತಿ ಶನಿವಾರ ಬೇರೆಯೇ ತೆಗೆದು ನೋಡುವ ಅಭ್ಯಾಸ ಮಾಡಿಕೊಂಡೆ.

ಮಾವನಿಗೆ ಜಿಎಸ್‌ಟಿ ತಲೆಬುಡ ಅರ್ಥವಾಗಲಿಲ್ಲ. ಆದರೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. "ಇದನ್ನು ಯಾಕೆ ಎಲ್ಲಿಯೂ ಹೇಳಲಿಲ್ಲ?" ಅಂದರು.

"ಅಡಿಕೆ ಅಂಗಡಿ ಅಲ್ವಾ ಮಾವ."

ಅವರು ಒಂದು ಕ್ಷಣ ಸುಮ್ಮನಿದ್ದರು. "ಅಡಿಕೆಯ ದುಡ್ಡಿನಲ್ಲೇ ನೀನು ಓದಿದ್ದು" ಅಂದರು. ಅಷ್ಟೇ. ನನಗೆ ಆ ದಿನ ಬೇರೆ ಪ್ರಶ್ನೆಗೆ ಉತ್ತರ ಹೇಳಲು ಆಗಲಿಲ್ಲ.

ಆ ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿ ಹೇಳಿ ಗಟ್ಟಿ ಮಾಡಿದೆ. ಆಮೇಲೆ ನನ್ನದೇ ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ವಾಕ್ಯದಲ್ಲಿ. ಎರಡು ಸಲ ಹೇಳಿದಾಗ ಶಬ್ದ ಒಂದೇ ಆಗಬಾರದು ಅಂತ ಮಾವನ ಷರತ್ತು. ಒಂದೇ ಆದರೆ ಉರು ಹೊಡೆದದ್ದು ಅಂತ ಲೆಕ್ಕ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ನಾಲ್ಕು ನಿಮಿಷದಲ್ಲಿ ಹದಿನಾಲ್ಕು ಸಲ "ಆಕ್ಚುಲಿ" ಅಂದಿದ್ದೆ. ಅದನ್ನು ಬಿಡಿಸಲು ಒಂದು ವಾರ ಹಿಡಿಯಿತು, ಇನ್ನೂ ಪೂರ್ತಿ ಬಿಟ್ಟಿಲ್ಲ. ದೌರ್ಬಲ್ಯದ ಪ್ರಶ್ನೆಗೆ ಹೇಳುತ್ತಿದ್ದ "ನಾನು ಪರ್ಫೆಕ್ಷನಿಸ್ಟ್" ಅನ್ನುವುದನ್ನು ಮಾವನೇ ಹೊಡೆದು ಹಾಕಿದರು. ಅದರ ಬದಲು ನಿಜವನ್ನೇ ಇಟ್ಟುಕೊಂಡೆ. ಫೋನಿನಲ್ಲಿ ಇಂಗ್ಲಿಷ್ ಮಾತಾಡುವಾಗ ನಿಧಾನ, ಹಾಗಾಗಿ ಮಾತಾಡಬೇಕಾದ ವಿಷಯಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ಮಾವನ ವಿದ್ಯೆ ನಡೆಯದ ಜಾಗವೂ ಇತ್ತು. ಸಂಬಳ. "ಎಷ್ಟು ನಿರೀಕ್ಷೆ ಮಾಡ್ತೀರಿ?" ಅಂದರೆ ನಾನು "ನೀವು ಕೊಟ್ಟಷ್ಟು ಸರ್" ಅನ್ನುತ್ತಿದ್ದೆ. ಮಾವನೂ ಅದೇ ಸರಿ ಅಂದರು! ಕೂಟದಲ್ಲಿ ಕೊಟ್ಟ ಕವರನ್ನು ತೆರೆದು ನೋಡದೆ ಕಿಸೆಗೆ ಹಾಕುವವರು ಅವರು. ಅದಕ್ಕೆ ಮಂಗಳೂರಿನಲ್ಲೇ ಕೆಲಸದಲ್ಲಿರುವ ಕ್ಲಾಸ್‌ಮೇಟ್ ಒಬ್ಬಳನ್ನು ಕೇಳಿ, ಅಲ್ಲಿ ನಡೆಯುವ ದರ ತಿಳಿದುಕೊಂಡು, ಇಷ್ಟರಿಂದ ಇಷ್ಟು ಅಂತ ಹೇಳುವುದನ್ನು ಕನ್ನಡಿ ಎದುರು ಕಲಿತೆ. ಹಣದ ಮಾತು ಬಾಯಿಂದ ಹೊರಡಿಸಲು ಜಿಎಸ್‌ಟಿಗಿಂತ ಕಷ್ಟಪಟ್ಟೆ.

ಹನ್ನೆರಡನೇ ಇಂಟರ್‌ವ್ಯೂ ಚೆನ್ನಾಗಿ ಆಯಿತು. ಕೆಲಸ ಸಿಗಲಿಲ್ಲ. ಒಳಗೇ ಇದ್ದ ಒಬ್ಬರಿಗೆ ಕೊಟ್ಟರಂತೆ. "ಕೆಲವು ಕೂಟದಲ್ಲಿ ಪಾತ್ರ ಮೊದಲೇ ಹಂಚಿ ಆಗಿರ್ತದೆ" ಅಂದರು ಮಾವ. ಮೊದಲಾಗಿದ್ದರೆ ನನ್ನ ಇಂಗ್ಲಿಷನ್ನು ಬೈದುಕೊಂಡು ಒಂದು ವಾರ ಮಲಗುತ್ತಿದ್ದೆ. ಈ ಸಲ ರೈಲು ಉಳ್ಳಾಲ ಬಿಟ್ಟಾಗ ಪುಸ್ತಕ ತೆಗೆದು, ಉಪ್ಪಳ ಬರುವಷ್ಟರಲ್ಲಿ ಎಡಗಡೆಯ ಒಂಬತ್ತು ಪ್ರಶ್ನೆಗಳನ್ನೂ ಬರೆದು ಮುಗಿಸಿದ್ದೆ. ಎರಡಕ್ಕೆ ನನ್ನ ಉತ್ತರ ಸರಿ ಇರಲಿಲ್ಲ. ಎರಡೇ.

ಹದಿಮೂರನೆಯದು ಮಂಗಳೂರಿನ ಒಂದು ಸಣ್ಣ ಆಫೀಸು. ಇಬ್ಬರೇ ಇದ್ದರು. ಒಬ್ಬರು ನನ್ನ ರೆಸ್ಯೂಮೆ ನೋಡಿ, "ಕಾಸರಗೋಡಾ? ಹಾಗಾದ್ರೆ ದಿನಾ ಬಂದು ಹೋಗುವುದಾ?" ಅಂದರು. ಗಂಟಲಿನವರೆಗೆ 1956 ಬಂತು. ನುಂಗಿಕೊಂಡು ಸೀಸನ್ ಟಿಕೆಟ್ ಹೇಳಿದೆ. ಇನ್ನೊಬ್ಬರು, ಕೆಲಸದಲ್ಲಿ ನೀವಾಗಿಯೇ ಹಿಡಿದ ತಪ್ಪು ಯಾವುದಾದರೂ ಇದ್ದರೆ ಹೇಳಿ ಅಂದರು. ಅಡಿಕೆ ಅಂಗಡಿಯ 29ರ ಕಥೆ ಹೇಳಿದೆ. ಅವರು ನಡುವೆಯೇ ಕನ್ನಡಕ್ಕೆ ಬಂದು, "ಲೆಡ್ಜರಿನಲ್ಲಿ ರಾಜ್ಯ ತಪ್ಪು ಹಾಕಿದ್ದು ಯಾರು?" ಅಂದರು. "ನಾನೇ ಸರ್" ಅಂದೆ. ಅವರು ನಕ್ಕರು. ಅಲ್ಲಿಂದಾಚೆ ಅದು ಇಂಟರ್‌ವ್ಯೂ ಅನ್ನಿಸಲಿಲ್ಲ.

ಆರನೇ ದಿನಕ್ಕೆ ಕೆಲಸ ಸಿಕ್ಕಿತು ಅಂತ ಮೇಲ್ ಬಂತು. ಅಮ್ಮ ಚಹಾಕ್ಕೆ ಎಂದಿನಷ್ಟೇ ಸಕ್ಕರೆ ಹಾಕಿದ್ದಳು.

ಮಾವನ ಮನೆಗೆ ಓಡಿದೆ. ಅವರು ಅರ್ಧ ಮಾತ್ರ ಕೇಳಿಸಿಕೊಂಡರು. ಮುಖದಲ್ಲಿ ಏನೋ ಚಿಂತೆ. ಭಾನುವಾರ ದೇವಸ್ಥಾನದಲ್ಲಿ ಕೂಟ, ವಾಲಿಮೋಕ್ಷ, ಇವರಿಗೆ ರಾಮನ ಅರ್ಥ. ವಾಲಿಗೆ ಪುತ್ತೂರು ಕಡೆಯಿಂದ ಯಾರೋ ಹೊಸ ಹುಡುಗ ಬರುತ್ತಾನಂತೆ, ಬಹಳ ಓದಿಕೊಂಡವನಂತೆ, ಎಂತ ಕೇಳ್ತಾನೋ ಗೊತ್ತಿಲ್ಲ.

"ನೀನು ಸ್ವಲ್ಪ ಎದುರು ಕೂತುಕೋ. ವಾಲಿ ಅಂತ ತಿಳ್ಕೊಂಡು ಕೇಳು" ಅಂದರು.

ನಾನು ಆರಾಮಕುರ್ಚಿಯಲ್ಲಿ ಕೂತೆ. ಮಾವ ಸ್ಟೂಲಿನಲ್ಲಿ. ಮರೆಯಲ್ಲಿ ನಿಂತು ಬಾಣ ಯಾಕೆ ಬಿಟ್ಟೆ ಅಂತ ಕೇಳಿದೆ. ಮಾವ ಕಣ್ಣು ಮುಚ್ಚಿ, ಗಂಟಲು ಸರಿ ಮಾಡಿಕೊಂಡು, ಇಕ್ಷ್ವಾಕುವಿನಿಂದ ಶುರು ಮಾಡಿದರು.

ನಾನು ಎದ್ದು ಅಂಗಳಕ್ಕೆ ಹೋದೆ.